ಕಟ್ಟು ಕುಡಿದು ಕಾಳು ಬಿಟ್ಟ ಹತ್ತು ವಾರ: ಸ್ಲೀವ್ ಶಸ್ತ್ರಚಿಕಿತ್ಸೆಯ ನಂತರದ ಊಟದ ಒಂದು ಪ್ರಕರಣ

ಇದು ಯಾರೋ ಒಬ್ಬರ ಕಡತದ ನಕಲಲ್ಲ. ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹಳೇ ಮೈಸೂರು ಕಡೆಯ ಮನೆಗಳಿಗೆ ಮರಳುವವರಲ್ಲಿ ಮತ್ತೆ ಮತ್ತೆ ಎದುರಾಗುವ ತೊಡಕುಗಳನ್ನು ಒಬ್ಬ ಮಹಿಳೆಯ ಹೆಸರಿನಲ್ಲಿ ಜೋಡಿಸಿ ಬರೆದ ಮಾದರಿ ಪ್ರಕರಣ. ರೋಗಿಯ ತೂಕ, ರಕ್ತಪರೀಕ್ಷೆಯ ಅಂಕಿಗಳು ಮಾದರಿಯವು. ಆಹಾರದ ಲೆಕ್ಕ ಮತ್ತು ಔಷಧದ ಅಳತೆಗಳು ಚಿಕಿತ್ಸೆಯಲ್ಲಿ ನಿಜವಾಗಿ ಬಳಕೆಯಲ್ಲಿರುವವು.

ಪರಿಸ್ಥಿತಿ

ವಯಸ್ಸು 38. ಎತ್ತರ 156 ಸೆಂ.ಮೀ., ತೂಕ 104 ಕೆ.ಜಿ., ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 42.7. ಆರು ವರ್ಷದಿಂದ ಸಕ್ಕರೆ ಕಾಯಿಲೆ. ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್ ಮಾತ್ರೆ. ತುಮಕೂರು ಜಿಲ್ಲೆಯ ಬೇಸಾಯದ ಕುಟುಂಬ. ಮಧ್ಯಾಹ್ನ ಅನ್ನ, ರಾತ್ರಿ ಮುದ್ದೆ. ಸೋಮವಾರ, ಶನಿವಾರ ಬಿಟ್ಟು ಮೊಟ್ಟೆ ನಡೆಯುತ್ತದೆ, ಮಾಂಸ ಅಪರೂಪ.

ಮಾಡಿದ್ದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಜಠರದ ಶೇ. 75ರಿಂದ 80ರಷ್ಟು ಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಬಾಳೆಕಾಯಿಯಂಥ ಒಂದು ಕೊಳವೆಯನ್ನಷ್ಟೇ ಉಳಿಸುತ್ತಾರೆ. ಅದು ಹಿಡಿಯುವುದು 100ರಿಂದ 150 ಮಿ.ಲೀ., ಒಂದು ಕಾಫಿ ಲೋಟದಷ್ಟು. ಹಸಿವಿನ ಸಂದೇಶ ಕಳಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ತಯಾರಾಗುವ ಮೇಲ್ಭಾಗವೂ ಕತ್ತರಿಸಿ ಹೋಗಿರುತ್ತದೆ. ಹಾಗಾಗಿ ಮೊದಲ ತಿಂಗಳುಗಳಲ್ಲಿ ಅನೇಕರಿಗೆ ಹಸಿವೇ ಆಗುವುದಿಲ್ಲ. ದೇಹಕ್ಕೆ ಏನು ಕಡಿಮೆಯಾಗಿದೆ ಎಂದು ಹೊಟ್ಟೆ ಕೇಳದ ಸ್ಥಿತಿ ಇದು. ಗಡಿಯಾರ ಮತ್ತು ಲೆಕ್ಕದ ಪುಸ್ತಕವೇ ಹಸಿವಿನ ಕೆಲಸ ಮಾಡಬೇಕು.

ಮನೆಗೆ ಕಳಿಸುವಾಗ ಕೊಟ್ಟ ಪಟ್ಟಿ ಎಲ್ಲ ಕಡೆ ಇರುವಂಥದ್ದೇ: ಮೊದಲೆರಡು ದಿನ ತಿಳಿ ದ್ರವ, ಎರಡು ವಾರದವರೆಗೆ ಹಾಲು-ಮಜ್ಜಿಗೆಯಂಥ ಗಟ್ಟಿ ದ್ರವ, ಮೂರು-ನಾಲ್ಕನೇ ವಾರ ನುಣ್ಣಗೆ ರುಬ್ಬಿದ್ದು, ಐದರಿಂದ ಎಂಟನೇ ವಾರ ಮೆತ್ತಗೆ ಬೇಯಿಸಿದ್ದು, ಆಮೇಲೆ ಮನೆಯೂಟ. ದಿನಕ್ಕೆ 60 ಗ್ರಾಂ ಪ್ರೋಟೀನ್ ಬೇಕು ಎಂಬ ಸಾಲೂ ಇತ್ತು. ಆ 60 ಗ್ರಾಂ ನಮ್ಮ ಅಡುಗೆಮನೆಯ ಯಾವ ಪಾತ್ರೆಯಿಂದ ಬರಬೇಕು ಎಂಬುದು ಮಾತ್ರ ಇರಲಿಲ್ಲ.

ಹತ್ತನೇ ವಾರ ಮತ್ತೆ ಬಂದಾಗ ತೂಕ 83 ಕೆ.ಜಿ. 21 ಕೆ.ಜಿ. ಇಳಿದಿದೆ ಎಂದು ಮನೆಯವರಿಗೆಲ್ಲ ಸಂತೋಷ, ತೊಂದರೆ ಅಡಗಿದ್ದೂ ಆ ಸಂತೋಷದ ಮರೆಯಲ್ಲೇ. ಕೇಳುತ್ತ ಹೋದಂತೆ ಒಂದೊಂದೇ ಹೊರಬಂತು: ಮೂರು ವಾರದಿಂದ ದಿನಕ್ಕೊಮ್ಮೆಯಾದರೂ ವಾಂತಿ, ಅದೂ ಅನ್ನ ಅಥವಾ ಮುದ್ದೆ ಇಳಿದ ಹತ್ತು ನಿಮಿಷದೊಳಗೆ, ನೊರೆನೊರೆಯಾಗಿ. ನೆಲದ ಮೇಲೆ ಕೂತರೆ ಏಳಲು ಗೋಡೆ ಹಿಡಿಯಬೇಕು. ಹತ್ತು ದಿನದಿಂದ ಎರಡೂ ಪಾದಗಳಲ್ಲಿ ಜೋಮು, ಚಪ್ಪಲಿ ಜಾರಿದ್ದು ತಿಳಿಯುವುದಿಲ್ಲ. ಸುಸ್ತಿಗೆ ಊರಿನ ಕ್ಲಿನಿಕ್ಕೊಂದರಲ್ಲಿ ಎರಡು ಬಾರಿ ಗ್ಲೂಕೋಸ್ ಏರಿಸಿಕೊಂಡಿದ್ದಾರೆ.

ಮೊದಲು ಜೋಮು, ಆಮೇಲೆ ಊಟ

ಹೆಚ್ಚು ಅವಸರದ್ದು ಊಟದ ಪಟ್ಟಿಯಲ್ಲ, ಆ ಜೋಮು. ಥಯಾಮಿನ್, ಅಂದರೆ ಬಿ1 ಜೀವಸತ್ವ, ದೇಹದಲ್ಲಿ ಉಳಿಯುವುದು ಎರಡು-ಮೂರು ವಾರಕ್ಕೆ ಸಾಲುವಷ್ಟು. ಊಟ ಕಡಿಮೆಯಾಗಿ ಅದರ ಮೇಲೆ ವಾಂತಿಯೂ ಸೇರಿದರೆ ದಾಸ್ತಾನು ಬೇಗ ಬರಿದಾಗುತ್ತದೆ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಥಯಾಮಿನ್ ತೀರಾ ಕಡಿಮೆ. (ಕರಾವಳಿಯ ಕುಚ್ಚಲಕ್ಕಿ ಗಂಜಿಯಾಗಿದ್ದರೆ ಸ್ವಲ್ಪ ವಾಸಿ, ಕುದಿಸಿ ಒಣಗಿಸುವಾಗ ತವುಡಿನ ಜೀವಸತ್ವ ಕಾಳಿನೊಳಕ್ಕೆ ಇಳಿದಿರುತ್ತದೆ.) ಕೊರತೆ ಕಾಲಿನ ಜೋಮಿನಿಂದ ಶುರುವಾಗಿ, ನಡೆಯುವಾಗ ತೂರಾಡುವುದು, ಕಣ್ಣುಗುಡ್ಡೆ ಸರಿಯಾಗಿ ಹೊರಳದೆ ಒಂದು ಎರಡಾಗಿ ಕಾಣುವುದು, ಮಾತಿನಲ್ಲಿ ಗಲಿಬಿಲಿ ಇವುಗಳಿಗೆ ತಿರುಗಿದರೆ ಮಿದುಳಿಗೆ ತಟ್ಟಿದೆ ಎಂದೇ ಅರ್ಥ. ಆಮೇಲೆ ಪೂರ್ತಿ ಸರಿಹೋಗುವ ಭರವಸೆ ಇರುವುದಿಲ್ಲ.

ಗ್ಲೂಕೋಸ್ ಬಾಟಲಿಯ ಅಪಾಯ ಇಲ್ಲೇ ಇದೆ. ಗ್ಲೂಕೋಸನ್ನು ಶಕ್ತಿಯಾಗಿಸಲು ಥಯಾಮಿನ್ ಬೇಕು. ಖಾಲಿಯಾಗುತ್ತ ಬಂದ ದೇಹಕ್ಕೆ ಥಯಾಮಿನ್ ಕೊಡದೆ ಗ್ಲೂಕೋಸ್ ಏರಿಸಿದರೆ ಉಳಿದ ಚೂರೂ ಖರ್ಚಾಗಿ, ಜೋಮಿದ್ದವರು ಗಲಿಬಿಲಿಗೆ ಜಾರಬಹುದು. ಸುಸ್ತಾದವರಿಗೆ 'ಒಂದು ಬಾಟ್ಲು ಹಾಕಿಸ್ಕೊಂಡು ಬಾ' ಎನ್ನುವ ನಮ್ಮಲ್ಲಿ ಇದು ಮನೆಮಂದಿಗೆಲ್ಲ ಗೊತ್ತಿರಬೇಕಾದ ಸಂಗತಿ. ಬೇರೆ ಯಾವ ಆಸ್ಪತ್ರೆಗೆ ಹೋದರೂ ಮೊದಲು ಹೇಳಬೇಕಾದದ್ದು ಇಷ್ಟೇ: 'ಹೊಟ್ಟೆ ಚಿಕ್ಕದು ಮಾಡೋ ಆಪರೇಷನ್ ಆಗಿದೆ, ವಾಂತಿ ಆಗ್ತಿದೆ, ಗ್ಲೂಕೋಸ್‌ಗೆ ಮೊದಲು ಥಯಾಮಿನ್ ಇಂಜೆಕ್ಷನ್ ಕೊಡಿ.' ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟರೂ ಆಯಿತು.

ಈ ಪ್ರಕರಣದಲ್ಲಿ ರಕ್ತಪರೀಕ್ಷೆಯ ವರದಿಗೆ ಕಾಯದೆ ಥಯಾಮಿನ್ ರಕ್ತನಾಳದ ಮೂಲಕ ಶುರುವಾಯಿತು: 200 ಮಿ.ಗ್ರಾಂ ದಿನಕ್ಕೆ ಮೂರು ಬಾರಿ, ಮೂರು ದಿನ. ಆಮೇಲೆ 250 ಮಿ.ಗ್ರಾಂ ದಿನಕ್ಕೊಮ್ಮೆ ಮೂರು ದಿನ. ಮನೆಗೆ ಹೋಗುವಾಗ 100 ಮಿ.ಗ್ರಾಂ ಮಾತ್ರೆ. ಜೊತೆಗೆ ಮೆಗ್ನೀಷಿಯಂ, ಪೊಟ್ಯಾಸಿಯಂ, ಫಾಸ್ಫರಸ್ ನೋಡಿ ಸರಿಪಡಿಸಲಾಯಿತು. ಮೆಗ್ನೀಷಿಯಂ ಇಲ್ಲದಿದ್ದರೆ ಥಯಾಮಿನ್ ಕೆಲಸ ಮಾಡುವುದಿಲ್ಲ, ಮತ್ತು ವಾರಗಟ್ಟಲೆ ಅರೆಹೊಟ್ಟೆಯಲ್ಲಿದ್ದವರಿಗೆ ಒಮ್ಮೆಲೇ ಹೆಚ್ಚು ಊಟ ಕೊಟ್ಟರೆ ಫಾಸ್ಫರಸ್ ಕುಸಿಯುತ್ತದೆ. ಕೊಳವೆ ಎಲ್ಲಾದರೂ ಕಿರಿದಾಗಿದೆಯೇ ಎಂದು ಎಂಡೊಸ್ಕೋಪಿ (ಬಾಯಿಯಿಂದ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆ) ಮಾಡಿದರು. ಕಿರಿದಾಗಿರಲಿಲ್ಲ. ನೀರೂ ನಿಲ್ಲದಂಥ ವಾಂತಿಯಾದರೆ ಈ ಪರೀಕ್ಷೆಯೇ ಮೊದಲು. ಊಟದ ರೀತಿಯನ್ನು ದೂರುತ್ತ ಕೂರಬಾರದು.

ಉಳಿದ ವರದಿಗಳು: ಹಿಮೋಗ್ಲೋಬಿನ್ 10.2, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನಿನ ಅಳತೆ) 9, ಅಲ್ಬುಮಿನ್ (ರಕ್ತದಲ್ಲಿರುವ ಒಂದು ಪ್ರೋಟೀನ್) 3.1, ವಿಟಮಿನ್ ಡಿ 14, ಬಿ12 190. ಎಲ್ಲವೂ ಇರಬೇಕಾದದ್ದಕ್ಕಿಂತ ಕಡಿಮೆ. ಆರು ವರ್ಷದ ಮೆಟ್‌ಫಾರ್ಮಿನ್ ಬಿ12ರ ಹೀರಿಕೆಯನ್ನು ಮೊದಲೇ ಕುಗ್ಗಿಸಿತ್ತು, ಶಸ್ತ್ರಚಿಕಿತ್ಸೆ ಅದಕ್ಕೆ ಸೇರಿಕೊಂಡಿತು. ಗ್ಲಿಮಿಪಿರೈಡನ್ನು ಶಸ್ತ್ರಚಿಕಿತ್ಸೆಯ ದಿನವೇ ನಿಲ್ಲಿಸಿದ್ದು ಒಳ್ಳೆಯದೇ ಆಯಿತು. ಇಷ್ಟು ಕಡಿಮೆ ಊಟದಲ್ಲಿ ಅದು ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತಿತ್ತು.

ಹದಿನೇಳು ಗ್ರಾಂ

ಅವರ ಒಂದು ದಿನದ ಊಟ ಬರೆಸಿದಾಗ ಹೀಗಿತ್ತು. ಬೆಳಗ್ಗೆ ಅರ್ಧ ಲೋಟ ಟೀ, ಎರಡು ಬಿಸ್ಕತ್ತು: ಪ್ರೋಟೀನ್ ಎರಡೂವರೆ ಗ್ರಾಂ. ಎಂಟೂವರೆಗೆ ಮಜ್ಜಿಗೆ ಹಾಕಿದ ರಾಗಿ ಅಂಬಲಿ ಒಂದು ಲೋಟ: ಎರಡೂವರೆ. ಹನ್ನೊಂದಕ್ಕೆ ಎಳನೀರು: ಅರ್ಧ. ಮಧ್ಯಾಹ್ನ ಮೂರು ಚಮಚ ಅನ್ನ, ಮೇಲೆ ತಿಳಿಸಾರು, ಪಕ್ಕದಲ್ಲಿ ನೀರಿನ ಲೋಟ: ಎರಡೂವರೆ, ಅದೂ ಉಳಿದರೆ. ಸಂಜೆ ಟೀ, ರಸ್ಕ್: ಎರಡೂವರೆ. ರಾತ್ರಿ ಮೊಸರನ್ನ ಅಥವಾ ಸಾರಿನಲ್ಲಿ ಅದ್ದಿದ ನಿಂಬೆಗಾತ್ರದ ಮುದ್ದೆ: ಮೂರೂವರೆ. ಮಲಗುವಾಗ ಅರ್ಧ ಲೋಟ ಹಾಲು: ಮೂರು. ಒಟ್ಟು 17 ಗ್ರಾಂ. ಬೇಕಾದದ್ದರ ಮೂರನೇ ಒಂದು ಪಾಲೂ ಇಲ್ಲ. ಇಳಿದ 21 ಕೆ.ಜಿ.ಯಲ್ಲಿ ಕೊಬ್ಬಿನ ಜೊತೆ ತೊಡೆಯ ಸ್ನಾಯುವೂ ಸೇರಿತ್ತು, ಗೋಡೆ ಹಿಡಿದು ಏಳಬೇಕಾಗಿದ್ದು ಅದಕ್ಕೇ.

ಮನೆಯಲ್ಲಿ ಯಾರೂ ಅಸಡ್ಡೆ ಮಾಡಿರಲಿಲ್ಲ. ಅತ್ತೆ ಬಾಣಂತಿಗೆ ಮಾಡುವಷ್ಟು ಮುತುವರ್ಜಿಯಿಂದ ಪಥ್ಯ ಮಾಡಿ ಹಾಕಿದ್ದರು. ತೊಂದರೆ ಇದ್ದದ್ದೂ ಆ ಪಥ್ಯದಲ್ಲೇ. ಹೊಲಿಗೆ ಹಾಕಿದ ಮೈಗೆ ತೊಗರಿಬೇಳೆ ಕೀವು ಕಟ್ಟಿಸುತ್ತದೆ, ಮೊಟ್ಟೆ ಉಷ್ಣ, ಕಾಳು ವಾಯು, ಬದನೆಕಾಯಿ ನಂಜು ಎಂದು ಒಂದೊಂದೇ ತೆಗೆದಾಗ ಉಳಿದದ್ದು ಅನ್ನ, ಸಾರು, ಅಂಬಲಿ. ಗಾಯ ಕೂಡಲು ಬೇಕಾದ ಪದಾರ್ಥಗಳೇ ಗಾಯದ ಹೆಸರಿನಲ್ಲಿ ತಟ್ಟೆಯಿಂದ ಹೊರಗಾದವು.

ಅದಕ್ಕಿಂತ ಸೂಕ್ಷ್ಮವಾದದ್ದು ಕಟ್ಟಿನ ವಿಷಯ. ಬಸ್ಸಾರು ಮಾಡುವಾಗ ಕಾಳು-ಸೊಪ್ಪು ಬೇಯಿಸಿ, ಬಸಿದ ಕಟ್ಟಿನಿಂದ ಸಾರು, ಉಳಿದ ಕಾಳಿನಿಂದ ಪಲ್ಯ ಮಾಡುತ್ತೇವೆ. 'ಸತ್ವವೆಲ್ಲ ಕಟ್ಟಿನಲ್ಲಿದೆ' ಎಂಬುದು ಮನೆಮನೆಯ ನಂಬಿಕೆ. ಹುರುಳಿಕಟ್ಟಿನ ಸಾರನ್ನಂತೂ ಔಷಧದ ಹಾಗೆ ಕೊಡುತ್ತಾರೆ. ಲವಣ, ಸ್ವಲ್ಪ ಬಿ ಜೀವಸತ್ವ, ರುಚಿ ಕಟ್ಟಿಗೆ ಇಳಿಯುವುದು ನಿಜ. ಪ್ರೋಟೀನ್ ಮಾತ್ರ ಬಹುಪಾಲು ಕಾಳಿನಲ್ಲೇ ಉಳಿಯುತ್ತದೆ. 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದ್ದರೂ, ಕಟ್ಟು ಕುಡಿದವರಿಗೆ ಸಿಗುವುದು ಅದರ ಚಿಕ್ಕ ಪಾಲು. ಈ ಮನೆಯಲ್ಲಿ ಹತ್ತು ವಾರ ಸೊಸೆ ಕಟ್ಟು ಕುಡಿದರು, ಉಳಿದವರು ಪಲ್ಯ ತಿಂದರು. ದೊಡ್ಡ ಹೊಟ್ಟೆಯವರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಒಂದು ಲೋಟದ ಹೊಟ್ಟೆಗೆ ತಿಳಿಸಾರು ತುಂಬಿದರೆ ಬೇರೆ ಯಾವುದಕ್ಕೂ ಜಾಗವಿಲ್ಲ.

ವಾಂತಿ ಯಾಕೆ

ಮೂರು ಕಾರಣ ಒಟ್ಟಿಗೆ ಸೇರಿದ್ದವು. ಒಂದು, ಮುದ್ದೆ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಚಿಕ್ಕಂದಿನಿಂದ ಕಲಿತ ಗಂಟಲು. ಹಳೆಯ ಜಠರ ಆ ತುತ್ತನ್ನು ಕಡೆದು ಕರಗಿಸುತ್ತಿತ್ತು. ಈಗಿನ ಕೊಳವೆಯಲ್ಲಿ ಅದು ಬೆಣೆಯಂತೆ ನಿಲ್ಲುತ್ತದೆ. ಅಂಟು ಅನ್ನದ ತುತ್ತು, ಬಿಸಿ ಚಪಾತಿ, ಬ್ರೆಡ್ ಕೂಡ ಒದ್ದೆಯಾದ ಕೂಡಲೇ ಮತ್ತೆ ಹಿಟ್ಟಿನ ಉಂಡೆಯಾಗುತ್ತವೆ. ಎರಡು, ಊಟದ ನಡುವೆ ನೀರು. ಚಿಕ್ಕ ಕೊಳವೆಯಲ್ಲಿ ಮೇಲಿನಿಂದ ಒತ್ತಡ ಬಿದ್ದು ಬಂದ ದಾರಿಯಲ್ಲೇ ವಾಪಸು. ಮೂರು, ಅವಸರ: ಎಲ್ಲರಿಗೂ ಬಡಿಸಿ ಕೊನೆಗೆ ಐದು ನಿಮಿಷದಲ್ಲಿ ಮುಗಿಸುವ ಊಟ.

ಸಾಕು ಎಂಬ ಸೂಚನೆ ಈಗ ಹೊಟ್ಟೆ ತುಂಬಿದ ಹಾಗಿರುವುದಿಲ್ಲ. ಎದೆಗೂಡಿನ ನಡುವೆ ಒತ್ತಿದಂತಾಗುವುದು, ಒಂದು ಬಿಕ್ಕಳಿಕೆ, ಇದ್ದಕ್ಕಿದ್ದಂತೆ ಮೂಗು ಸೋರುವುದು, ಬಾಯಲ್ಲಿ ನೀರೂರುವುದು. ಇವುಗಳಲ್ಲಿ ಯಾವುದೊಂದು ಬಂದರೂ ಕೈಯಲ್ಲಿರುವ ತುತ್ತನ್ನೂ ಕೆಳಗಿಡಬೇಕು. 'ಅನ್ನ ಬಿಡಬಾರದು' ಎಂಬ ಸಂಸ್ಕಾರ ಇಲ್ಲಿ ಅಡ್ಡ ಬರುತ್ತದೆ. ಅದಕ್ಕೆ ಉಪಾಯ ಸರಳ: ಬಡಿಸಿಕೊಳ್ಳುವಾಗಲೇ ನಾಲ್ಕು ಟೀ ಚಮಚ ಮಾತ್ರ, ಬೇಕಾದರೆ ಮತ್ತೆರಡು.

ಮರುಜೋಡಣೆ

ಎರಡು ದಿನ ಮತ್ತೆ ದ್ರವಕ್ಕೆ, ಒಂದು ವಾರ ರುಬ್ಬಿದ ಊಟಕ್ಕೆ, ಅಲ್ಲಿಂದ ಮೆತ್ತಗಿನದಕ್ಕೆ. ಮೂರನೇ ವಾರ ನೆಲೆನಿಂತ ದಿನಚರಿ ಇದು:

ಬೆಳಗ್ಗೆ ಆರೂವರೆಗೆ ಒಂದು ಅಳತೆ ವೇ ಪ್ರೋಟೀನ್ ಪುಡಿ (ಹಾಲು ಒಡೆದಾಗ ಉಳಿಯುವ ತಿಳಿನೀರಿನಿಂದ ತೆಗೆದದ್ದು; 30 ಗ್ರಾಂ ಪುಡಿ, 24 ಗ್ರಾಂ ಪ್ರೋಟೀನ್) 200 ಮಿ.ಲೀ. ನೀರಿನಲ್ಲಿ, ಮುಕ್ಕಾಲು ಗಂಟೆಯಲ್ಲಿ ಗುಟುಕು ಗುಟುಕಾಗಿ.
ಎಂಟೂವರೆಗೆ ಗಟ್ಟಿ ಹೆಸರುಬೇಳೆ ತೊವ್ವೆ, 30 ಗ್ರಾಂ ಬೇಳೆಯದು: 7 ಗ್ರಾಂ.
ಹನ್ನೊಂದಕ್ಕೆ ಬಟ್ಟೆಯಲ್ಲಿ ನೀರು ಬಸಿದ ಮೊಸರು, ಕಾಲು ಲೀಟರ್ ಹಾಲಿನದು: 6 ಗ್ರಾಂ.
ಒಂದೂವರೆಗೆ ಪುಡಿ ಮಾಡಿ ಒಗ್ಗರಿಸಿದ 40 ಗ್ರಾಂ ಪನೀರ್, ಅಥವಾ ಒಂದು ಮೊಟ್ಟೆ, ಜೊತೆಗೆ ಎರಡು ಚಮಚ ಸೋರೆಕಾಯಿ ಪಲ್ಯ: 6-7 ಗ್ರಾಂ.
ನಾಲ್ಕೂವರೆಗೆ ಮಜ್ಜಿಗೆಗೆ ಕಲಸಿದ 20 ಗ್ರಾಂ ಹುರಿಗಡಲೆ ಪುಡಿ: 5 ಗ್ರಾಂ.
ಏಳಕ್ಕೆ 15 ಗ್ರಾಂ ಒಣ ಸೋಯಾ ಚಂಕ್ಸ್ ಬೇಯಿಸಿ ಹಿಂಡಿ, ಮಿಕ್ಸಿಯಲ್ಲಿ ತರಿಯಾಗಿ ತಿರುಗಿಸಿ ಈರುಳ್ಳಿ-ಟೊಮೆಟೊ ಒಗ್ಗರಣೆಯಲ್ಲಿ: 7 ಗ್ರಾಂ.
ಒಂಬತ್ತಕ್ಕೆ 150 ಮಿ.ಲೀ. ಹಾಲಿಗೆ ಎರಡು ಚಮಚ ಕೆನೆರಹಿತ ಹಾಲಿನ ಪುಡಿ: 8 ಗ್ರಾಂ.

ಸುಮಾರು 63 ಗ್ರಾಂ ಆಯಿತು. ಅನ್ನ, ಮುದ್ದೆ ಈ ಪಟ್ಟಿಯಲ್ಲಿಲ್ಲ ಎಂದು ಅತ್ತೆ ಗಾಬರಿಯಾದರು: 'ಮುದ್ದೆ ಇಲ್ದಿದ್ರೆ ಮೈಯಾಗೆ ಬಲ ಎಲ್ಲಿಂದ ಬತ್ತದೆ?' ಉತ್ತರ ಲೆಕ್ಕದಲ್ಲಿದೆ. ರಾಗಿಯಲ್ಲಿ ಸುಣ್ಣದಂಶ ಹೇರಳ, 100 ಗ್ರಾಂಗೆ 350 ಮಿ.ಗ್ರಾಂ ಆಸುಪಾಸು, ಪ್ರೋಟೀನ್ ಮಾತ್ರ 7 ಗ್ರಾಂ. ಅಷ್ಟು ಹಿಟ್ಟಿನ ಮುದ್ದೆ ಅವರಿಗೆ ಎರಡು ದಿನಕ್ಕೂ ಇಳಿಯದು. ರಾಗಿ ಆಮೇಲೆ ಬೇರೆ ರೂಪದಲ್ಲಿ ಮರಳಿತು: ಉದ್ದಿನಬೇಳೆ ಹೆಚ್ಚು ಹಾಕಿ ರುಬ್ಬಿದ ತೆಳು ಗರಿ ರಾಗಿದೋಸೆ. ಗರಿಯಾದದ್ದನ್ನು ಅಗಿಯಲೇಬೇಕು, ಉಂಡೆ ಕಟ್ಟುವುದಿಲ್ಲ.

ಪುಡಿ ಕೊಳ್ಳುವಾಗ ಒಂದು ಎಚ್ಚರ. ಅಂಗಡಿಯಲ್ಲಿ 'ಪ್ರೋಟೀನ್ ಪುಡಿ ಕೊಡಿ' ಎಂದರೆ ಸಕ್ಕರೆ ಬೆರೆತ ಪೌಷ್ಟಿಕ ಪಾನೀಯದ ಡಬ್ಬ ಕೈಗೆ ಬರುವುದುಂಟು. ಡಬ್ಬದ ಹಿಂದೆ 100 ಗ್ರಾಂಗೆ ಪ್ರೋಟೀನ್ 70 ಗ್ರಾಂಗಿಂತ ಹೆಚ್ಚಿದೆಯೇ ನೋಡಬೇಕು. ಅನೇಕ ಮಾಲ್ಟ್ ಪುಡಿಗಳಲ್ಲಿ ಅದು 10ರ ಹತ್ತಿರ. ಹಾಲಿನ ಪುಡಿಯಿಂದ ಹೊಟ್ಟೆ ಗುಡುಗುಟ್ಟಿ ಭೇದಿಯಾದರೆ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಒಗ್ಗುತ್ತಿಲ್ಲ ಎಂದರ್ಥ. ಐಸೋಲೇಟ್ ಎಂದು ಬರೆದ, ಲ್ಯಾಕ್ಟೋಸ್ ಬಹುಪಾಲು ತೆಗೆದ ವೇ ಪುಡಿಗೆ ಬದಲಾಯಿಸಿ, ರಾತ್ರಿಯ ಹಾಲಿನ ಜಾಗಕ್ಕೆ ಮೊಸರು.

ತಿನ್ನುವ ಕ್ರಮ: ಪ್ರೋಟೀನ್ ಮೊದಲು, ತರಕಾರಿ ಆಮೇಲೆ, ಜಾಗ ಉಳಿದರೆ ಎರಡು ಚಮಚ ಅನ್ನ. ಒಂದು ಊಟಕ್ಕೆ 20 ನಿಮಿಷ. ಅರ್ಧ ಗಂಟೆ ಮೀರಿದರೆ ತಟ್ಟೆ ಎತ್ತಿಬಿಡಬೇಕು. ಊಟದ ಜೊತೆ ನೀರಿಲ್ಲ, ಮುಗಿದ ಅರ್ಧ ಗಂಟೆಯ ಮೇಲೆ ಗುಟುಕು. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಮುಟ್ಟಲು ಅರ್ಧ ಲೀಟರಿನ ಬಾಟಲಿ ಮೂರು ಸಲ ತುಂಬಿಸಿ ಕಣ್ಣೆದುರು ಇಡುವುದೇ ಸುಲಭ. ಸೋಡಾ ಬೇಡ.

ಮಾತ್ರೆಗಳ ಜಗಳ

ಆಹಾರ ಎಷ್ಟೇ ಚೆನ್ನಾಗಿದ್ದರೂ ಈ ಕೊಳವೆಯಿಂದ ಜೀವಸತ್ವದ ಲೆಕ್ಕ ಸರಿಹೋಗುವುದಿಲ್ಲ, ಮಾತ್ರೆಗಳು ಜೀವನಪೂರ್ತಿ. ಅವರ ಹತ್ತಿರ ಮಾತ್ರೆಗಳೆಲ್ಲ ಇದ್ದವು, ಎಲ್ಲವನ್ನೂ ಬೆಳಗಿನ ಟೀ ಜೊತೆ ಒಟ್ಟಿಗೆ ನುಂಗುತ್ತಿದ್ದರು. ಟೀಯ ಟ್ಯಾನಿನ್ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ, ಕ್ಯಾಲ್ಸಿಯಂ ಅದರ ದಾರಿಗೆ ಅಡ್ಡ ನಿಲ್ಲುತ್ತದೆ. ಫೆರಿಟಿನ್ 9ಕ್ಕೆ ಇಳಿದದ್ದರಲ್ಲಿ ಆಶ್ಚರ್ಯವಿಲ್ಲ.

ಬದಲಾದ ಕ್ರಮ: ಬೆಳಗ್ಗೆ ಹತ್ತಕ್ಕೆ ಕಬ್ಬಿಣ, ನಿಂಬೆಹಣ್ಣಿನ ನೀರಿನೊಂದಿಗೆ. ಮುಟ್ಟಾಗುವ ಮಹಿಳೆಗೆ ದಿನಕ್ಕೆ 45ರಿಂದ 60 ಮಿ.ಗ್ರಾಂ ಶುದ್ಧ ಕಬ್ಬಿಣ ಬೇಕು. ಕೊರತೆ ಇರುವಾಗ ವೈದ್ಯರು ಹೆಚ್ಚಿಸುತ್ತಾರೆ. ಕ್ಯಾಲ್ಸಿಯಂ ಮಧ್ಯಾಹ್ನ ಎರಡೂವರೆಗೆ ಮತ್ತು ರಾತ್ರಿ, ಒಂದು ಸಲಕ್ಕೆ 600 ಮಿ.ಗ್ರಾಂ ಮೀರದಂತೆ, ಕಬ್ಬಿಣಕ್ಕೂ ಅದಕ್ಕೂ ಕನಿಷ್ಠ ಎರಡು ಗಂಟೆ ಅಂತರ. ಊಟದ್ದೂ ಸೇರಿ ದಿನಕ್ಕೆ 1200ರಿಂದ 1500 ಮಿ.ಗ್ರಾಂ. ಸಿಟ್ರೇಟ್ ರೂಪ ಉತ್ತಮ, ಅದು ಕರಗಲು ಜಠರದ ಆಮ್ಲ ಬೇಕಿಲ್ಲ. ಆದರೆ ಪೊಟ್ಟಣದ ಮೇಲಿನ 'ಕ್ಯಾಲ್ಸಿಯಂ ಸಿಟ್ರೇಟ್ 1000 ಮಿ.ಗ್ರಾಂ' ನೋಡಿ ಮೋಸ ಹೋಗಬಾರದು. ಅದರಲ್ಲಿ ಶುದ್ಧ ಕ್ಯಾಲ್ಸಿಯಂ ಇರುವುದು 210 ಮಿ.ಗ್ರಾಂ. ಒಂದೇ ಮಾತ್ರೆ ತೆಗೆದುಕೊಂಡು ಸಾವಿರ ಮುಟ್ಟಿತೆಂದು ಎಣಿಸುವವರು ಬಹಳ.

ಬಿ12 ತಿಂಗಳಿಗೊಮ್ಮೆ 1000 ಮೈಕ್ರೋಗ್ರಾಂ ಇಂಜೆಕ್ಷನ್. ವಿಟಮಿನ್ ಡಿ ವಾರಕ್ಕೊಮ್ಮೆ 60,000 ಯೂನಿಟ್ ಎಂಟು ವಾರ, ಆಮೇಲೆ ದಿನಕ್ಕೆ 3000. ಸತು, ತಾಮ್ರ ಎರಡೂ ಇರುವ ಮಲ್ಟಿವಿಟಮಿನ್ ದಿನಕ್ಕೊಂದು. ಕೂದಲಿಗೆಂದು ಬರೀ ಸತುವನ್ನು ತಿಂಗಳುಗಟ್ಟಲೆ ನುಂಗಿದರೆ ತಾಮ್ರ ಕುಸಿಯುತ್ತದೆ. ತಲೆನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೇನ್ ಬೇಡ, ಪ್ಯಾರಾಸಿಟಮಾಲ್ ಸಾಕು. ಬಸಿರಾಗುವ ಯೋಚನೆ ಇದ್ದರೆ 12ರಿಂದ 18 ತಿಂಗಳು ಮುಂದೂಡಬೇಕು.

ಮುಂದಿನ ತಿಂಗಳುಗಳು

ವಾಂತಿ ನಾಲ್ಕನೇ ದಿನಕ್ಕೇ ನಿಂತಿತ್ತು. ಜೋಮು ಇಳಿಯಲು ಎರಡು ತಿಂಗಳು ಹಿಡಿಯಿತು. ಹೆಬ್ಬೆರಳ ತುದಿಯಲ್ಲಿ ಸ್ವಲ್ಪ ಉಳಿಯಿತು. ನಾಲ್ಕನೇ ತಿಂಗಳು ಬಾಚಣಿಗೆ ತುಂಬ ಕೂದಲು. ಶಸ್ತ್ರಚಿಕಿತ್ಸೆ ಮತ್ತು ವೇಗದ ತೂಕ ಇಳಿಕೆಯ ಹೊಡೆತಕ್ಕೆ ಕೂದಲು ಮೂರರಿಂದ ಆರನೇ ತಿಂಗಳಲ್ಲಿ ಉದುರುವುದು ಸಾಮಾನ್ಯ, ಬೇರು ಸತ್ತಿರುವುದಿಲ್ಲ. ಈಗ ಉದುರುವುದು ಹಿಂದಿನ ಹದಿನೇಳು ಗ್ರಾಮಿನ ದಿನಗಳ ಬಾಕಿ ಎಂದು ತಿಳಿಸಿದ ಮೇಲೆ ಎಣ್ಣೆಗಳಿಗೆ ದುಡ್ಡು ಸುರಿಯುವುದು ನಿಂತಿತು.

ಆರನೇ ತಿಂಗಳು 73 ಕೆ.ಜಿ. ಒಂಬತ್ತನೇ ತಿಂಗಳು ಹೊಸ ತೊಡಕು: ತೂಕ 70ಕ್ಕೆ ನಿಂತು ಮತ್ತೆ ಒಂದು ಕೆ.ಜಿ. ಏರಿತು. ಊಟ ಸರಿಯಾಗಿಯೇ ಇತ್ತು. ನಡುವೆ ಕೋಡುಬಳೆ, ಮಿಕ್ಸ್ಚರ್, ಟೀಗೆ ಅದ್ದಿದ ರಸ್ಕ್ ಸೇರಿಕೊಂಡಿದ್ದವು. ಪನೀರ್, ಕಾಳು, ಮೊಟ್ಟೆ ಕೊಳವೆಯಲ್ಲಿ ಕೂತು 'ಸಾಕು' ಎನಿಸುತ್ತವೆ. ಕುರುಕಲು ಬಾಯಲ್ಲೇ ಪುಡಿಯಾಗಿ ಜಾರಿಹೋಗುತ್ತದೆ. ಎಷ್ಟು ತಿಂದರೂ ಕೊಳವೆ ತಡೆಯುವುದಿಲ್ಲ. ಕಷ್ಟಪಟ್ಟು ಇಳಿಯುವುದು ಒಗ್ಗುವುದಿಲ್ಲ, ಸಲೀಸಾಗಿ ಇಳಿಯುವುದು ಒಗ್ಗುತ್ತದೆ ಎಂದು ಅವರು ತೀರ್ಮಾನಿಸಿದ್ದರು. ಈ ತಪ್ಪು ತಿಳಿವಳಿಕೆಯಿಂದಲೇ ಎಷ್ಟೋ ಜನ ಎರಡನೇ ವರ್ಷ ತೂಕ ಮರಳಿ ಪಡೆಯುತ್ತಾರೆ. ಡಬ್ಬದಲ್ಲಿ ಕೋಡುಬಳೆಯ ಬದಲು ಹುರಿದ ಕಡಲೆಕಾಳು ಬಂತು: ಒಂದು ಹಿಡಿ, ಚೆನ್ನಾಗಿ ಅಗಿದು.

ಯುಗಾದಿಯಂದು ಹಾಲು-ತುಪ್ಪ ಹಾಕಿಕೊಂಡು ಒಂದು ಇಡೀ ಹೋಳಿಗೆ ತಿಂದರು. ಇಪ್ಪತ್ತು ನಿಮಿಷಕ್ಕೆ ಎದೆ ಬಡಿತ, ಬೆವರು, ಹೊಟ್ಟೆ ನುಲಿತ, ಮಲಗಿದರೆ ಸಾಕೆನಿಸುವ ಸುಸ್ತು. ಸಿಹಿ ಒಮ್ಮೆಲೇ ಕರುಳಿಗಿಳಿದಾಗ ಕರುಳು ನೀರನ್ನು ಎಳೆದುಕೊಳ್ಳುವುದರಿಂದ ಆಗುವ ಡಂಪಿಂಗ್ ಇದು. ಬೈಪಾಸ್ (ಜಠರವನ್ನು ಚಿಕ್ಕದು ಮಾಡಿ ನೇರ ಕರುಳಿಗೆ ಜೋಡಿಸುವ ಇನ್ನೊಂದು ಶಸ್ತ್ರಚಿಕಿತ್ಸೆ) ಆದವರಲ್ಲಿ ಹೆಚ್ಚು, ಸ್ಲೀವ್ ಆದವರಲ್ಲೂ ಉಂಟು. ಒಂದರಿಂದ ಮೂರು ಗಂಟೆಯ ನಂತರ ಕೈ ನಡುಗಿ ಕಣ್ಣು ಕತ್ತಲಿಟ್ಟರೆ ಅದು ಬೇರೆ: ಏರಿದ ಇನ್ಸುಲಿನ್ ಸಕ್ಕರೆಯನ್ನು ತೀರಾ ಇಳಿಸಿರುತ್ತದೆ. ಮುಂದಿನ ಮದುವೆ ಊಟಕ್ಕೆ ಎಲೆಯ ಕ್ರಮವೇ ನೆರವಿಗೆ ಬಂತು. ಕೋಸಂಬರಿ, ಪಲ್ಯ ಮೊದಲು ಬೀಳುತ್ತವೆ. ನೆನೆಸಿದ ಹೆಸರುಬೇಳೆಯ ಕೋಸಂಬರಿಯನ್ನು ಎರಡು ಸಲ ಹಾಕಿಸಿಕೊಂಡು ನಿಧಾನವಾಗಿ ಅಗಿದರು, ಸಿಹಿ ಕೊನೆಗೆ ಕಾಲು ಹೋಳಿಗೆ. ಪಂಕ್ತಿ ಎದ್ದರೂ ಕೂತೇ ಇರುವ ಮುಜುಗರಕ್ಕೆ ಕೊನೆಯ ಪಂಕ್ತಿ ಹಿಡಿದರು.

ಹನ್ನೆರಡನೇ ತಿಂಗಳ ವರದಿ: ತೂಕ 67 ಕೆ.ಜಿ., ಹಿಮೋಗ್ಲೋಬಿನ್ 12.1, ಅಲ್ಬುಮಿನ್ 4, ವಿಟಮಿನ್ ಡಿ 34, ಬಿ12 ಸರಿ. ಮೆಟ್‌ಫಾರ್ಮಿನ್ ನಿಂತಿದೆ. ಫೆರಿಟಿನ್ ಮಾತ್ರ 16ರಲ್ಲೇ ಇದೆ. ಕೇಳಿದರೆ, ಹತ್ತಕ್ಕೆ ಕಬ್ಬಿಣದ ಮಾತ್ರೆ, ಹತ್ತೂಕಾಲಿಗೆ ಹೊಲದ ಆಳುಗಳ ಜೊತೆ ಟೀ. ಮಾತ್ರೆಯನ್ನು ಮಲಗುವ ಹೊತ್ತಿಗೆ, ರಾತ್ರಿಯ ಕ್ಯಾಲ್ಸಿಯಂ ಮತ್ತು ಹಾಲನ್ನು ಸಂಜೆ ಆರಕ್ಕೆ ಸರಿಸಲಾಗಿದೆ. ಮೂರು ತಿಂಗಳಲ್ಲಿ ಏರದಿದ್ದರೆ ರಕ್ತನಾಳದ ಮೂಲಕ ಕಬ್ಬಿಣ.